ತೊಡೆ ಮೂಳೆ ಆಪರೇಷನ್ ಆದ ನಾಯಿ ನಮ್ಮನೆಯಲ್ಲಿದೆ, ಮೇಲಿಂದ ಮಳೆಗಾಲ. ಆರು ವಾರ ಹೇಗೆ ಕಳೆಯೋದು?

ತೋಟದಮನೆ ಸೊಸೆ – ಜೂನ್ 22

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಕಳೆದ ವಾರ ಶಿವಮೊಗ್ಗದಿಂದ ಬರುವಾಗ ಮಂಡಗದ್ದೆ ದಾಟಿದ ಮೇಲೆ ಚರಂಡಿಯಲ್ಲಿ ಒಂದು ಹೆಣ್ಣು ನಾಯಿ ಬಿದ್ದಿತ್ತು. ಕೆಂಚು ಬಣ್ಣ, ಒಂದೂವರೆ ವರ್ಷ ಇರಬಹುದು. ಯಾವುದೋ ಗಾಡಿ ಹೊಡೆದು ಹೋಗಿದೆ. ಹಿಂದಿನ ಎಡಗಾಲು ಜೋತಾಡುತ್ತಿತ್ತು. ನಮ್ಮನೆಯವರು ಕಾರಿನಲ್ಲಿದ್ದ ಗೋಣಿಚೀಲಕ್ಕೆ ಹಾಕಿ ಎತ್ತಿದರು, ವಾಪಸ್ ಶಿವಮೊಗ್ಗಕ್ಕೇ ಹೋದೆವು. ಎಕ್ಸ್‌ರೇಯಲ್ಲಿ ತೊಡೆ ಮೂಳೆ ನಡುವೆ ಮುರಿದಿದೆ ಅಂತ ಗೊತ್ತಾಯಿತು. ರಕ್ತ ಪರೀಕ್ಷೆಯಲ್ಲಿ ಉಣ್ಣೆ ಜ್ವರ ಬೇರೆ, ಉಣುಗು ಕಚ್ಚಿ ಬರುವುದು. ಎದೆ, ಮೂತ್ರಕೋಶ ಎಲ್ಲಾ ಸರಿಯಿದೆಯಾ ನೋಡಿ, ನಾಲ್ಕು ದಿನ ಬಿಟ್ಟು ಮೂಳೆಯೊಳಗೆ ರಾಡ್ ಹಾಕಿದ್ದಾರೆ. ಊರಿನ ಮೂರು ನಾಲ್ಕು ಜನ ಸೇರಿ ದುಡ್ಡು ಹಾಕಿದೆವು. ಇಟ್ಟುಕೊಳ್ಳಲು ಜಾಗ ಇದ್ದದ್ದು ನಮ್ಮಲ್ಲಿ ಮಾತ್ರ. ಹೀಗಾಗಿ ಗುಣ ಆಗುವತನಕ ನಾವು ಸಾಕುವುದು, ಆಮೇಲೆ ಒಳ್ಳೆ ಮನೆ ಹುಡುಕುವುದು ಅಂತ ಮಾತಾಯಿತು. ಹೆಸರು ಕೆಂಚಿ.

ತೊಂದರೆ ಏನೆಂದರೆ, ಡಾಕ್ಟರು ಆರು ವಾರ ಓಡಬಾರದು, ಹಾರಬಾರದು, ಮೆಟ್ಟಿಲು ಹತ್ತಬಾರದು, ಗಾಯ ಒದ್ದೆ ಆಗಬಾರದು ಅಂದಿದ್ದಾರೆ. ನಮ್ಮದು ತೋಟದ ಮನೆ. ಜಗಲಿಗೆ ನಾಲ್ಕು ಮೆಟ್ಟಿಲು. ಒಳಗೆ ನುಣ್ಣಗಿನ ರೆಡ್ ಆಕ್ಸೈಡ್ ನೆಲ. ಇವತ್ತು ಆರಿದ್ರಾ ಹುಟ್ಟಿದೆ, ಬೆಳಿಗ್ಗೆಯಿಂದ ಒಂದೇ ಸಮ ಹೊಯ್ಯುತ್ತಿದೆ. ಅದಕ್ಕೆ ಮೂರು ಪ್ರಶ್ನೆ. ಎಲ್ಲಿ ಕೂಡಿಹಾಕೋದು? ಎರಡು ದಿನದಿಂದ ಕಕ್ಕಸು ಮಾಡಿಲ್ಲ, ಹೆದರಬೇಕಾ? ನಮ್ಮದು ಶುದ್ಧ ಸಸ್ಯಾಹಾರಿ ಮನೆ, ಡಾಕ್ಟರು ಮೊಟ್ಟೆ ಕೊಡಿ ಅಂದಿದ್ದಾರೆ. ಮೊಟ್ಟೆ ಬಗ್ಗೆ ಅತ್ತೆ ಇನ್ನೂ ಬಾಯಿ ಬಿಟ್ಟಿಲ್ಲ. ಅದೇ ನನಗೆ ಜಾಸ್ತಿ ಭಯ.

ವಿನೋಬನಗರದ ಅಕ್ಕ – ಜೂನ್ 22

ಮೊದಲು ಸಮಾಧಾನ ಮಾಡ್ಕೋ. ನಮ್ಮನೆಯಲ್ಲಿ ಇಂಥವು ಏಳೆಂಟು ಬಂದು ಹೋಗಿವೆ. ಅರಿವಳಿಕೆ ಕೊಟ್ಟ ಮೇಲೆ ಎರಡು ಮೂರು ದಿನ ಕಕ್ಕಸು ಆಗದಿರುವುದು ಮಾಮೂಲು. ಹೊಟ್ಟೆಯಲ್ಲಿ ಏನೂ ಇರಲ್ಲ, ಮೇಲಿಂದ ನೋವಿನ ಔಷಧಿ. ಆದರೆ ಉಚ್ಚೆ ಲೆಕ್ಕ ಇಡು. ಒಂದು ಹಗಲು ಒಂದು ರಾತ್ರಿ ಪೂರ್ತಿ ಉಚ್ಚೆ ಹೊಯ್ಯದಿದ್ದರೆ ಮಾತ್ರ ತಕ್ಷಣ ಫೋನ್ ಮಾಡು.

ಹೊರಗೆ ಕರೆದೊಯ್ಯುವಾಗ ಹಳೇ ಪಂಚೆಯನ್ನು ಹೊಟ್ಟೆ ಕೆಳಗೆ ಹಾಯಿಸಿ ಎರಡೂ ತುದಿ ಮೇಲಕ್ಕೆ ಹಿಡಿದುಕೋ. ಹಿಂಭಾಗದ ಭಾರ ನಿನ್ನ ಕೈಲಿರಬೇಕು. ಉಚ್ಚೆ ಹೊಯ್ಸು, ವಾಪಸ್ ಬಾ, ಅಷ್ಟೇ. ಅದನ್ನು ವಾಕಿಂಗ್ ಅಂದುಕೊಳ್ಳಬೇಡ.

ನೆಲಕ್ಕೆ ಗೋಣಿಚೀಲ ಹಾಸು, ಅದರ ಕೆಳಗೆ ರಬ್ಬರ್ ಮ್ಯಾಟ್. ಬರೀ ಗೋಣಿ ಹಾಸಿದರೆ ರೆಡ್ ಆಕ್ಸೈಡ್ ಮೇಲೆ ಗೋಣಿ ಸಮೇತ ಜಾರುತ್ತದೆ. ಅನುಭವದ ಮಾತು, ಜಾರಿದ್ದು ನಾನೇ.

ಬಚ್ಚಲೊಲೆ – ಜೂನ್ 22

ಸಾಗರದಿಂದ ನಾನು. ಪಂಜರ ಕೊಳ್ಳಲು ಹೋಗಬೇಡಿ, ಸುಮ್ನೆ ದುಡ್ಡು ದಂಡ. ಅಡಿಕೆ ಮರ ಸೀಳಿದ ದಬ್ಬೆ ಇದೆಯಲ್ಲ ಮನೆಯಲ್ಲಿ? ಕೊಟ್ಟಿಗೆಯ ಒಣಗಿದ ಮೂಲೆಯಲ್ಲಿ ಆರಡಿಗೆ ನಾಲ್ಕಡಿ ದಬ್ಬೆ ಬೇಲಿ ಕಟ್ಟಿಸಿ. ಕರು ಕಟ್ಟುವ ಜಾಗದ ಹಾಗೆ. ದಬ್ಬೆಯ ಸಿಬಿರು ಮಾತ್ರ ಚೆನ್ನಾಗಿ ಹೆರೆಸಿ.

ಜಾಗ ಬಚ್ಚಲ ಗೋಡೆಗೆ ತಾಗಿಕೊಂಡಿದ್ದರೆ ಇನ್ನೂ ಒಳ್ಳೆಯದು. ಹಂಡೆ ಒಲೆಯ ಬಿಸಿಗೆ ಗೋಡೆ ಬೆಚ್ಚಗಿರುತ್ತದೆ, ಹಾಸಿಗೆ ಬಟ್ಟೆಯೂ ಒಣಗುತ್ತದೆ. ಮಲೆನಾಡಿನ ನಾಯಿ ಮಳೆಗಾಲದಲ್ಲಿ ಎಲ್ಲಿ ಮಲಗುತ್ತದೆ ಅಂತ ಕೇಳಬೇಕಾ? ಬೂದಿ ಮೈಗೆ ಹತ್ತದ ಹಾಗೆ ನೋಡಿಕೊಳ್ಳಿ.

ಅರ್ಧ ಡಾಕ್ಟರ್ – ಜೂನ್ 23

ನಾನು ಶಿವಮೊಗ್ಗ ವೆಟರ್ನರಿ ಕಾಲೇಜಿನಲ್ಲಿ ಓದುತ್ತಿದ್ದೇನೆ. ಇನ್ನೂ ಡಾಕ್ಟರ್ ಅಲ್ಲ, ನಿಮ್ಮ ಡಾಕ್ಟರ ಮಾತೇ ಕೊನೆ.

ಎಲ್ಲರೂ ತಪ್ಪು ತಿಳಿಯುವ ಒಂದು ವಿಷಯ ಹೇಳುತ್ತೇನೆ. ರೆಸ್ಟ್ ಅಂದರೆ ಕಾಲು ಅಲ್ಲಾಡಿಸದೆ ಇಡುವುದು ಅಲ್ಲ. ತೊಡೆ ಮೂಳೆ ಮುರಿದ ನಾಯಿ, ಅದರಲ್ಲೂ ಎಳೆ ನಾಯಿ, ಕಾಲನ್ನು ಚಾಚಿಕೊಂಡೇ ಇದ್ದುಬಿಟ್ಟರೆ ತೊಡೆಯ ಮುಂಭಾಗದ ಸ್ನಾಯು ಮೂಳೆಗೆ ಅಂಟಿ ಗಟ್ಟಿಯಾಗುತ್ತದೆ. ಆಮೇಲೆ ಮಂಡಿ ಮಡಚುವುದೇ ಇಲ್ಲ, ಕಾಲು ಕೋಲಿನ ಹಾಗೆ ನಿಂತುಬಿಡುತ್ತದೆ. ಮೂಳೆ ಕೂಡಿದರೂ ಪ್ರಯೋಜನವಿಲ್ಲ. ಹಾಗಾಗಿ ದಿನಕ್ಕೆ ಎರಡು ಮೂರು ಸಲ ಮಲಗಿಸಿಕೊಂಡು ಮಂಡಿಯನ್ನು ನಿಧಾನಕ್ಕೆ ಮಡಚಿ ಬಿಡಿಸಿ ಮಾಡಬೇಕು, ಒಂದು ಹತ್ತು ಹದಿನೈದು ಸಲ. ನೋವಿನ ಔಷಧಿ ಕೊಟ್ಟು ಒಂದು ಗಂಟೆ ಆದ ಮೇಲೆ ಮಾಡಿದರೆ ಒಳ್ಳೆಯದು. ಯಾವಾಗ ಶುರು ಮಾಡಬೇಕು, ಎಷ್ಟು ಮಡಚಬೇಕು ಅಂತ ಆಪರೇಷನ್ ಮಾಡಿದವರನ್ನೇ ಕೇಳಿ, ಒಂದು ಸಲ ಅವರ ಕೈಯಲ್ಲೇ ಮಾಡಿಸಿ ನೋಡಿಕೊಳ್ಳಿ.

ಉಣ್ಣೆ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಬರೆದಿರಬೇಕು, ಸಾಮಾನ್ಯವಾಗಿ 28 ದಿನ. ನಾಯಿ ಚುರುಕಾಯಿತು ಅಂತ ಹತ್ತು ದಿನಕ್ಕೆ ನಿಲ್ಲಿಸಬೇಡಿ. ಬರೀ ಮಾತ್ರೆ ಗಂಟಲಿಗೆ ತುರುಕಬೇಡಿ, ಅನ್ನನಾಳದಲ್ಲಿ ಕೂತು ಸುಡುತ್ತದೆ. ಅನ್ನದ ಉಂಡೆಯೊಳಗೆ ಇಟ್ಟು ಕೊಡಿ.

ಗದ್ದೆಬದು – ಜೂನ್ 23

ನಾನು ಹೇಳುವುದು ಯಾರಿಗೂ ಹಿಡಿಸಲ್ಲ, ಆದರೂ ಹೇಳುತ್ತೇನೆ. ನಮ್ಮೂರಲ್ಲಿ ಎಮ್ಮೆ ಕರು ಹಾಕಲಾರದೆ ಒದ್ದಾಡಿದಾಗ ಪಶು ಆಂಬುಲೆನ್ಸಿನ 1962 ನಂಬರಿಗೆ ಫೋನ್ ಮಾಡಿ ಗಾಡಿಗೆ ಕಾದು ಕೂತಿದ್ದೇವೆ. ಮಳೆಯಲ್ಲಿ ರಸ್ತೆ ಹಾಳಾಗಿ ಗಾಡಿ ಬಂದದ್ದು ತಡವಾಗಿ. ಎಮ್ಮೆ ಉಳಿಯಲಿಲ್ಲ. ಅಂಥ ಕಡೆ ಬೀದಿನಾಯಿಯ ತೊಡೆಗೆ ರಾಡು ಅಂದರೆ ಹೊಟ್ಟೆ ಉರಿಯುತ್ತದೆ. ನಮ್ಮ ಶಾಲೆ ಮಕ್ಕಳು ಕೋಲು ಹಿಡಿದುಕೊಂಡು ಶಾಲೆಗೆ ಹೋಗುವುದು ಇಂಥ ನಾಯಿಗಳ ದೆಸೆಯಿಂದಲೇ. ಗುಣ ಮಾಡಿ ಮತ್ತೆ ರಸ್ತೆಗೇ ಬಿಡುತ್ತೀರಾ? ಆಮೇಲೆ ಜವಾಬ್ದಾರಿ ಯಾರದು?

ಬಚ್ಚಲೊಲೆ – ಜೂನ್ 23

ಗದ್ದೆಬದು, ಎಮ್ಮೆ ಕಥೆ ಕೇಳಿ ಬೇಜಾರಾಯಿತು. ಆದರೆ ಆ ಕೋಪ ತೀರಿಸಿಕೊಳ್ಳಲು ಮುರಿದ ಕಾಲಿನ ನಾಯಿಯೇ ಬೇಕಿತ್ತಾ ಮಾರಾಯ್ರೆ?

ತೋಟದಮನೆ ಸೊಸೆ – ಜೂನ್ 24

ಇಲ್ಲ, ಅವರು ಕೇಳಿದ್ದು ಸರಿ. ಮೊದಲ ದಿನ ಅತ್ತೆ ಕೇಳಿದ್ದೂ ಅದನ್ನೇ: "ತಂದಿದ್ದು ಸರಿ, ಕಳಿಸೋದು ಯಾವಾಗ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಚರಂಡಿಯಲ್ಲಿ ಒದ್ದಾಡುತ್ತಿರುವುದನ್ನು ನೋಡಿ ಮುಂದೆ ಹೋಗಲು ಆಗಲಿಲ್ಲ, ಅಷ್ಟೇ. ಅದರಲ್ಲಿ ದೊಡ್ಡ ಯೋಚನೆ ಏನೂ ಇರಲಿಲ್ಲ. ರಸ್ತೆಗಂತೂ ಬಿಡುವುದಿಲ್ಲ.

ದಬ್ಬೆ ಬೇಲಿ ಆಯಿತು. ಬಚ್ಚಲ ಗೋಡೆ ಪಕ್ಕ. ಕಕ್ಕಸೂ ಆಯಿತು! ನಾನು, ನಮ್ಮನೆಯವರು ಕೊಡೆ ಹಿಡಿದುಕೊಂಡು ನಿಂತು ಖುಷಿಪಟ್ಟೆವು. ಇಂಥದ್ದಕ್ಕೆಲ್ಲ ಖುಷಿಪಡುವ ಕಾಲ ಬರುತ್ತದೆ ಅಂತ ಯಾರು ಅಂದುಕೊಂಡಿದ್ದರು.

ಮೊಟ್ಟೆ ವಿಷಯವೂ ಇತ್ಯರ್ಥವಾಯಿತು. ಅತ್ತೆ ಒಂದು ಹಳೇ ಅಲ್ಯೂಮಿನಿಯಂ ಪಾತ್ರೆ ತೆಗೆದುಕೊಟ್ಟು, "ಇದು ಒಳಗೆ ಬರಕೂಡದು, ಬಚ್ಚಲ ಒಲೆಯಲ್ಲೇ ಬೇಯಲಿ, ಸಿಪ್ಪೆ ತೆಂಗಿನ ಬುಡಕ್ಕೆ ಹಾಕು" ಅಂದರು. ಈಗ ದಿನಕ್ಕೆ ಒಂದು ಮೊಟ್ಟೆ, ಅನ್ನ, ಮೊಸರು, ಬೇಯಿಸಿದ ಕುಂಬಳಕಾಯಿ. ಸಾರು ಹಾಕುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ಆಗುವುದಿಲ್ಲವಂತೆ.

ಗಾಯ ನೆಕ್ಕದ ಹಾಗೆ ಕುತ್ತಿಗೆಗೆ ಹಾಕಿದ ಕೊಳವೆಯದ್ದು ಇನ್ನೊಂದು ಗೋಳು. ಅದನ್ನು ಹಾಕಿಕೊಂಡು ಬೇಲಿಗೆ ಡಿಕ್ಕಿ ಹೊಡೆಯುತ್ತಾಳೆ, ಊಟದ ತಟ್ಟೆ ಸಿಗುವುದಿಲ್ಲ. ಅರ್ಧ ಗಂಟೆ ತೆಗೆದಿಟ್ಟರೆ ಪರವಾಗಿಲ್ಲ ಅಲ್ವಾ?

ವಿನೋಬನಗರದ ಅಕ್ಕ – ಜೂನ್ 24

ಪರವಾಗಿದೆ! ಹೊಲಿಗೆ ಕಿತ್ತು ಹಾಕಲು ಅದಕ್ಕೆ ಎರಡು ನಿಮಿಷ ಸಾಕು. ನೀನು ಪಕ್ಕದಲ್ಲಿ ಕೂತು ಊಟ ಹಾಕುವಾಗ ಮಾತ್ರ ತೆಗೆ, ಮುಗಿದ ಕೂಡಲೇ ಹಾಕು. ಹೊಲಿಗೆ ಬಿಚ್ಚುವತನಕ, ಅಂದರೆ ಹತ್ತರಿಂದ ಹದಿನಾಲ್ಕು ದಿನ, ಕಲ್ಲು ಮನಸ್ಸು ಮಾಡ್ಕೋ. ತಟ್ಟೆಯನ್ನು ಒಂದು ಇಟ್ಟಿಗೆ ಮೇಲೆ ಇಡು, ಕೊಳವೆ ತಾಗುವುದಿಲ್ಲ.

ಕೊನೆಗೌಡ – ಜೂನ್ 25

ನಾಯಿ ವಿಷಯ ನನಗೆ ಅಷ್ಟು ಗೊತ್ತಿಲ್ಲ. ಆದರೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ ಇದು, ಅದಕ್ಕೆ ಬರೆಯುತ್ತಿದ್ದೇನೆ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಕಲಸುವ ಡ್ರಮ್ಮು, ಮೈಲುತುತ್ತ ನೆನೆಹಾಕಿದ ಬಕೆಟ್ಟು ಇವನ್ನು ಕೊಟ್ಟಿಗೆ ಹತ್ತಿರ ಇಡಬೇಡಿ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ ಹಾಕುತ್ತೇವೆ, ಆದರೆ ನೆನೆಹಾಕಿದ ಬಕೆಟ್ಟಿನಲ್ಲಿ ಅಷ್ಟೂ ಕಿಲೋ ಸ್ವಲ್ಪ ನೀರಿನಲ್ಲೇ ಇರುತ್ತದೆ. ಬಾಯಾರಿದ ನಾಯಿಗೆ ನೀರಿನ ಬಣ್ಣ ನೋಡಿ ಕುಡಿಯಲು ಗೊತ್ತಾಗುವುದಿಲ್ಲ. ಔಷಧಿ ಹೊಡೆದ ದಿನ ತೋಟದೊಳಗೆ ಉಚ್ಚೆಗೂ ಕರೆದೊಯ್ಯಬೇಡಿ. ಗೊನೆಯಿಂದ ಹನಿ ಬೀಳುತ್ತಿರುತ್ತದೆ, ಮೈಗೆ ಬಿದ್ದದ್ದನ್ನು ಅದು ನೆಕ್ಕುತ್ತದೆ.

ತೋಟದಮನೆ ಸೊಸೆ – ಜೂನ್ 25

ಅಯ್ಯೋ ಗೌಡ್ರೆ, ಡ್ರಮ್ಮು ಕೊಟ್ಟಿಗೆ ಬಾಗಿಲಲ್ಲೇ ಇತ್ತು. ಈಗಲೇ ಎತ್ತಿಸಿದೆ. ತುಂಬಾ ಉಪಕಾರವಾಯಿತು.

ಇನ್ನೊಂದು. ನೆಂಟರೊಬ್ಬರು ಬಂದವರು, "ನೋವು ಅಂತಿದೆ ಪಾಪ, ಮನುಷ್ಯರ ಮಾತ್ರೆ ಅರ್ಧ ಕೊಡು" ಅಂತ ತಮ್ಮ ಸೊಂಟನೋವಿನ ಮಾತ್ರೆ ತೆಗೆದರು. ಗಾಯಕ್ಕೆ ಅರಿಶಿನ, ಹುಳ ಬೀಳದ ಹಾಗೆ ಟರ್ಪೆಂಟೈನ್ ಅಂತಲೂ ಹೇಳಿದರು. ಕೊಡಲಿಲ್ಲ, ಹಚ್ಚಲೂ ಇಲ್ಲ. ಅವರಿಗೆ ಸ್ವಲ್ಪ ಕೋಪ ಬಂತು.

ಅರ್ಧ ಡಾಕ್ಟರ್ – ಜೂನ್ 25

ಕೊಡದಿದ್ದದ್ದು ಒಳ್ಳೆಯದಾಯಿತು. ಐಬುಪ್ರೊಫೇನ್, ಡೈಕ್ಲೋಫೆನಾಕ್ ಇವು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿಗೂ ಹೊಡೆತ. ನಿಮಗೆ ಬರೆದುಕೊಟ್ಟದ್ದು ಮೆಲಾಕ್ಸಿಕ್ಯಾಮ್ ಇರಬೇಕು. ಅದೂ ಇದೂ ಎರಡೂ ಸೇರಿದರಂತೂ ಕೇಳುವುದೇ ಬೇಡ. (ಡೈಕ್ಲೋಫೆನಾಕನ್ನು ಜಾನುವಾರಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2006ರಲ್ಲಿ ನಿಷೇಧಿಸಿದರು. ಅದು ರಣಹದ್ದುಗಳ ಸಲುವಾಗಿ, ಬೇರೆ ಕಥೆ.) ಮೆಲಾಕ್ಸಿಕ್ಯಾಮನ್ನೂ ಖಾಲಿ ಹೊಟ್ಟೆಗೆ ಕೊಡಬೇಡಿ. ವಾಂತಿ ಅಥವಾ ಕಪ್ಪು ಭೇದಿ ಕಂಡರೆ ನಿಲ್ಲಿಸಿ ಫೋನ್ ಮಾಡಿ.

ಅರಿಶಿನ ಹಚ್ಚಿದರೆ ಹೊಲಿಗೆ ಕೆಂಪಾಗಿದೆಯೋ ಇಲ್ಲವೋ ಕಾಣುವುದೇ ಇಲ್ಲ. ಟರ್ಪೆಂಟೈನ್ ಹೊಲಿದ ಚರ್ಮವನ್ನು ಸುಡುತ್ತದೆ. ಹುಳದ ಭಯ ನಿಜ, ಈ ಕಾಲದಲ್ಲಿ ನೊಣ ಒಂದು ಸಲ ಕೂತರೆ ಸಾಕು. ದಿನಕ್ಕೆ ಎರಡು ಸಲ ಬೆಳಕಿನಲ್ಲಿ ನೋಡಿ, ಒಣಗಿಸಿ ಇಡಿ. ಹಳೇ ಸೊಳ್ಳೆ ಪರದೆ ಇದ್ದರೆ ಬೇಲಿಯ ಮೇಲೆ ಹೊದಿಸಿ.

ಬಚ್ಚಲೊಲೆ – ಜೂನ್ 26

ಡಾಕ್ಟ್ರೇ, ಉಣ್ಣೆ ಅಂದಿರಲ್ಲ, ನಮ್ಮನೆಯಲ್ಲಿ ಅದೇ ಚಿಂತೆ. ನಾಯಿ ಮೈಮೇಲಿನ ಉಣುಗಿನಿಂದ ಮಂಗನ ಕಾಯಿಲೆ ಬರುತ್ತದಾ? ನಮ್ಮ ಕಡೆ ಆ ಹೆಸರು ಕೇಳಿದರೆ ಜನ ನಡುಗುತ್ತಾರೆ.

ಅರ್ಧ ಡಾಕ್ಟರ್ – ಜೂನ್ 26

ನಡುಗುವುದು ಸಹಜ. ಅದು 1957ರಲ್ಲಿ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯಲ್ಲಿ, ಸೊರಬದ ಕ್ಯಾಸನೂರು ಕಾಡಿನ ಕಡೆ. ಅದನ್ನು ಹರಡುವುದು ಮುಖ್ಯವಾಗಿ ಕಾಡಿನ ಉಣುಗು. ನಾಯಿಗೆ ಉಣ್ಣೆ ಜ್ವರ ತರುವ, ಮನೆ ಸುತ್ತ ಇರುವ ಕಂದು ಉಣ್ಣೆ ಬೇರೆ ಜಾತಿ. ಆದರೆ ಕಾಡಿಗೆ ಹೋಗಿ ಬರುವ ದನ, ನಾಯಿ ಕಾಡಿನ ಉಣುಗನ್ನು ಮೈಮೇಲೆ ಅಂಗಳಕ್ಕೆ ತರಬಹುದು. ಅದರ ಕಾಲ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ. ಯಾವ ಉಣ್ಣೆಯೇ ಇರಲಿ, ಬರಿಗೈಯಲ್ಲಿ ಕಿತ್ತು ಉಗುರಿನಲ್ಲಿ ಒರೆಯಬೇಡಿ.

ತೋಟದಮನೆ ಸೊಸೆ – ಜುಲೈ 4

ಹೊಲಿಗೆ ಬಿಚ್ಚಿಸಿ ಬಂದೆವು. ಗಾಯ ಚೆನ್ನಾಗಿ ಒಣಗಿದೆ. ಮೊನ್ನೆಯಿಂದ ಬೆರಳ ತುದಿಯನ್ನು ನೆಲಕ್ಕೆ ತಾಗಿಸುತ್ತಿದ್ದಾಳೆ. ಇಟ್ಟು, ಯೋಚನೆ ಮಾಡಿ, ಮತ್ತೆ ಎತ್ತುತ್ತಾಳೆ.

ಮಂಡಿ ಮಡಚುವಾಗ ಒಂದು ದಿನ ನಾನು ಅವಸರ ಮಾಡಿದೆ. ಕಚ್ಚಿಬಿಟ್ಟಳು. ಜೋರಾಗಿ ಅಲ್ಲ, ಆದರೆ ಹೆಬ್ಬೆರಳ ಹತ್ತಿರ ರಕ್ತ ಬಂತು. ತಪ್ಪು ನನ್ನದೇ. ಕರೆಂಟು ಇರಲಿಲ್ಲ, ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಮಾಡುತ್ತಿದ್ದೆ.

ವಿನೋಬನಗರದ ಅಕ್ಕ – ಜುಲೈ 4

ಇಂಜೆಕ್ಷನ್ ತಗೊಂಡ್ಯಾ? ಅದನ್ನು ಮೊದಲು ಹೇಳು.

ತೋಟದಮನೆ ಸೊಸೆ – ಜುಲೈ 4

ತಗೊಂಡೆ ಅಕ್ಕಾ. ಮೊದಲು ಸೋಪು ಹಾಕಿ ನಲ್ಲಿ ನೀರಿನ ಕೆಳಗೆ 15 ನಿಮಿಷ ತೊಳೆದೆ, ಅತ್ತೆ ಗಡಿಯಾರ ನೋಡುತ್ತಾ ನಿಂತಿದ್ದರು. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋದೆ. ಚರ್ಮಕ್ಕೆ ಕೊಡುವ ಲಸಿಕೆ, ಕಚ್ಚಿದ ದಿನ ಒಂದು, ಆಮೇಲೆ 3, 7, 28ನೇ ದಿನ. ಗಾಯದ ಸುತ್ತಲೂ ಒಂದು ಔಷಧಿ ಕೊಟ್ಟರು. ಕೆಂಚಿ ಬೀದಿಯಲ್ಲಿದ್ದಾಗ ಲಸಿಕೆ ಆಗಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲವಲ್ಲ.

ಗದ್ದೆಬದು – ಜುಲೈ 5

ಇದನ್ನೇ ನಾನು ಹೇಳಿದ್ದು. ಆದರೆ ಸರಿಯಾಗಿ ಮಾಡಿದ್ದೀರಿ. ನಮ್ಮೂರಲ್ಲಿ ಕಚ್ಚಿಸಿಕೊಂಡವರು ಸುಣ್ಣ ಹಚ್ಚಿಕೊಂಡು ಮನೆಯಲ್ಲೇ ಕೂರುತ್ತಾರೆ.

ತೋಟದಮನೆ ಸೊಸೆ – ಜುಲೈ 13

ದಯವಿಟ್ಟು ಯಾರಾದರೂ ಇದ್ದರೆ ಉತ್ತರ ಕೊಡಿ. ಈಗ ಗುಡ್ಡದ ಮೇಲೆ ನೆಟ್‌ವರ್ಕ್ ಸಿಗುವ ಜಾಗಕ್ಕೆ ಬಂದು ಬರೆಯುತ್ತಿದ್ದೇನೆ. ಪುನರ್ವಸು ಮಳೆ ಎರಡು ದಿನದಿಂದ ಬಿಟ್ಟೇ ಇಲ್ಲ. ಕರೆಂಟಿಲ್ಲ, ರಸ್ತೆಗೆ ಮರ ಬಿದ್ದಿದೆ.

ನಿನ್ನೆ ರಾತ್ರಿ ಅಂಗಳಕ್ಕೆ ಮುಳ್ಳುಹಂದಿ ಬಂದಿರಬೇಕು, ಬೆಳಿಗ್ಗೆ ಮುಳ್ಳು ಬಿದ್ದಿತ್ತು. ಕೆಂಚಿ ಬೇಲಿ ಹಾರಿದ್ದಾಳೆ. ನಾವು ಏಳುವಾಗ ಜಗಲಿ ಮೆಟ್ಟಿಲ ಮೇಲೆ ಕೂತು ಬೊಗಳುತ್ತಿದ್ದಳು. ಈಗ ಸೊಂಟದ ಹತ್ತಿರ, ರಾಡಿನ ತುದಿ ಇರುವ ಕಡೆ, ನಿಂಬೆಹಣ್ಣಿನಷ್ಟು ಊದಿದೆ. ಮುಟ್ಟಿದರೆ ಮೆತ್ತಗಿದೆ, ನೀರು ತುಂಬಿದ ಹಾಗೆ. ಬಿಸಿಯಿಲ್ಲ. ಊಟ ಮಾಡಿದ್ದಾಳೆ. ಎಲ್ಲಾ ಹಾಳು ಮಾಡಿಬಿಟ್ಟೆನಾ?

ಅರ್ಧ ಡಾಕ್ಟರ್ – ಜುಲೈ 13

ಬಿಸಿಯಿಲ್ಲ, ಊಟ ಮಾಡಿದೆ, ಕೀವಿಲ್ಲ ಅಂದರೆ ಈ ರಾತ್ರಿಯೇ ಹೊರಡಬೇಕಾಗಿಲ್ಲ ಅನ್ನಿಸುತ್ತದೆ. ಆದರೆ ರಸ್ತೆ ತೆರೆದ ಕೂಡಲೇ ಎಕ್ಸ್‌ರೇ ಬೇಕೇ ಬೇಕು. ರಾಡಿನ ತುದಿ ಚರ್ಮದ ಕೆಳಗೆ ಉಜ್ಜಿ ಅಲ್ಲಿ ನೀರು ತುಂಬುವುದುಂಟು. ರಾಡ್ ಸ್ವಲ್ಪ ಹಿಂದಕ್ಕೆ ಬಂದಿದ್ದರೂ ಹೀಗಾಗುತ್ತದೆ. ಸೂಜಿ ಚುಚ್ಚಿ ನೀರು ತೆಗೆಯಲು ಯಾರಿಗೂ ಬಿಡಬೇಡಿ. ಒತ್ತಬೇಡಿ, ತಿಕ್ಕಬೇಡಿ. ಇವತ್ತು ಮಂಡಿ ಮಡಚುವುದೂ ಬೇಡ. ಕಾಲು ಪೂರ್ತಿ ಎತ್ತಿಬಿಟ್ಟರೆ ಅಥವಾ ಜ್ವರ ಬಂದರೆ ಹೇಗಾದರೂ ಮಾಡಿ ಕರೆತನ್ನಿ. ಫೋಟೋ ತೆಗೆದು ನಿಮ್ಮ ಡಾಕ್ಟರಿಗೆ ಈಗಲೇ ಕಳಿಸಿ.

ಬಚ್ಚಲೊಲೆ – ಜುಲೈ 13

ದಬ್ಬೆ ಬೇಲಿ ಮೂರಡಿ ಎತ್ತರ ಸಾಕು ಅಂದುಕೊಂಡದ್ದು ನಾನು. ಇದು ನನ್ನ ತಪ್ಪೂ ಹೌದು. ಮೇಲೆ ಮುಚ್ಚಳದ ಹಾಗೆ ಇನ್ನೊಂದು ತಟ್ಟಿ ಕಟ್ಟಿಸಿ.

ತೋಟದಮನೆ ಸೊಸೆ – ಜುಲೈ 16

ಎಕ್ಸ್‌ರೇ ಆಯಿತು. ರಾಡ್ ಅರ್ಧ ಇಂಚಿಗಿಂತ ಕಡಿಮೆ ಹಿಂದೆ ಸರಿದಿದೆ. ಮೂಳೆ ಜರುಗಿಲ್ಲ. ಮುರಿದ ಕಡೆ ಹೊಸ ಮೂಳೆ ಮೋಡದ ಹಾಗೆ ಕಟ್ಟುತ್ತಿರುವುದನ್ನು ಡಾಕ್ಟರು ತೋರಿಸಿದರು. ಊತ ತಾನಾಗಿ ಇಳಿಯಬಹುದು, ಆರು ವಾರಕ್ಕೆ ಇನ್ನೆರಡು ವಾರ ಸೇರಿಸಿ ಅಂದರು. ರಾಡ್ ತೆಗೆಯುವ ದಿನವೇ ಮರಿ ಆಗದ ಆಪರೇಷನ್ನೂ ಮಾಡಿದರೆ ಒಂದೇ ಅರಿವಳಿಕೆಯಲ್ಲಿ ಮುಗಿಯುತ್ತದಂತೆ.

ಬೇಲಿಗೆ ಮುಚ್ಚಳ ಬಂದಿದೆ. ಕಟ್ಟಿದ್ದು ಅತ್ತೆ. ಕಾಲು ಮುರಿದ ಕರುವಿಗೆ ಬಿದಿರು ದಬ್ಬೆ ಕಟ್ಟಿ ಉಳಿಸಿದ ಕಥೆಯನ್ನು ಕಟ್ಟುವಾಗ ಪೂರ್ತಿ ಹೇಳಿದರು. ಹಾಗಂತ ನಾಯಿಯ ಮೇಲೆ ಪ್ರೀತಿ ಉಕ್ಕಿದೆ ಅಂದುಕೊಳ್ಳಬೇಡಿ. ಮುಗಿಸಿ ಎದ್ದವರೇ "ಇನ್ನೆರಡು ವಾರ ಜಾಸ್ತಿನಾ?" ಅಂದರು.

ಕೊಪ್ಪದ ಕಾಫಿ – ಜುಲೈ 30

ಇವತ್ತಷ್ಟೇ ಎಲ್ಲಾ ಓದಿದೆ. ನಮ್ಮದು ಕೊಪ್ಪದ ಹತ್ತಿರ ಎಸ್ಟೇಟು. ಜಾಗ ಬೇಕಾದಷ್ಟಿದೆ. ಕಾವಲಿಗೆ ಒಂದು ನಾಯಿ ಬೇಕಿತ್ತು. ಗುಣ ಆದ ಮೇಲೆ ನಮಗೆ ಕೊಡಿ, ಚೆನ್ನಾಗಿ ನೋಡಿಕೊಳ್ಳುತ್ತೇವೆ.

ತೋಟದಮನೆ ಸೊಸೆ – ಜುಲೈ 31

ತುಂಬಾ ಸಂತೋಷ. ಒಂದು ಕೇಳಲಾ? ರಾತ್ರಿ ಎಲ್ಲಿ ಮಲಗುತ್ತದೆ? ನಿಮ್ಮಲ್ಲಿ ಮೊದಲಿದ್ದ ನಾಯಿ ಏನಾಯಿತು?

ಕೊಪ್ಪದ ಕಾಫಿ – ಜುಲೈ 31

ಸುಳ್ಳು ಹೇಳಲ್ಲ. ಎರಡು ನಾಯಿಗಳನ್ನು ಕುರ್ಕ (ಚಿರತೆ) ತೆಗೆದುಕೊಂಡು ಹೋಯಿತು. ಒಂದು ಗೋಡೌನ್ ಬಾಗಿಲಲ್ಲೇ. ರಾತ್ರಿ ಕಟ್ಟುವುದಿಲ್ಲ, ಕಟ್ಟಿದರೆ ಕಾವಲು ಹೇಗೆ?

ತೋಟದಮನೆ ಸೊಸೆ – ಜುಲೈ 31

ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ಬೇಜಾರಾಗಬೇಡಿ, ಕೊಡಲು ಮನಸ್ಸಿಲ್ಲ. ಈ ಕಾಲು ಎಷ್ಟೇ ಗುಣ ಆದರೂ ಓಡಿ ತಪ್ಪಿಸಿಕೊಳ್ಳುವ ಕಾಲಲ್ಲ. ಚಿರತೆಗೆ ಮೊದಲು ಸಿಗುವುದು ಇಂಥದ್ದೇ. ನಮ್ಮ ತೋಟದಲ್ಲೂ ಓಡಾಟ ಇದೆ. ಹೀಗಾಗಿ ನಾವೇ ಇಟ್ಟುಕೊಳ್ಳುವ ಮಾತೂ ಬಿಟ್ಟೆವು. ಆ ಮಾತು ನಮ್ಮನೆಯಲ್ಲಿ ಬಂದಿತ್ತು ಅಂತ ಇಲ್ಲಿ ಮಾತ್ರ ಹೇಳುತ್ತಿದ್ದೇನೆ.

ಕೊಪ್ಪದ ಕಾಫಿ – ಆಗಸ್ಟ್ 1

ಬೇಜಾರೇನಿಲ್ಲ. ನೀವು ಹೇಳಿದ ಮೇಲೆ ಹಗಲು ಬಿಟ್ಟು ರಾತ್ರಿ ಒಳಗೆ ಹಾಕುವ ಗೂಡು ಕಟ್ಟಿಸಬೇಕು ಅಂತ ನಮ್ಮಲ್ಲೂ ಮಾತಾಗುತ್ತಿದೆ. ನಾಯಿ ಆಮೇಲೆ ನೋಡೋಣ.

ವಿನೋಬನಗರದ ಅಕ್ಕ – ಆಗಸ್ಟ್ 3

ನಮ್ಮ ರಸ್ತೆಯಲ್ಲೇ ಒಂದು ಮನೆ ಇದೆ. ರಿಟೈರ್ ಆದ ಗಂಡ ಹೆಂಡತಿ, ಕಾಂಪೌಂಡಿದೆ, ಮೆಟ್ಟಿಲಿಲ್ಲ. ಅವರ ಮುದಿ ನಾಯಿ ಹೋದ ವರ್ಷ ತೀರಿಕೊಂಡಿತು. ಕರೆದು ಮಾತಾಡಿಸಿದೆ. ಮೊದಲು ಕೇಳಿದ್ದೇ ಯಾವ ಕಾಲಿಗೆ ಪೆಟ್ಟು, ಚಳಿಗಾಲದಲ್ಲಿ ನೋಯುತ್ತದಾ ಅಂತ. ಅಲ್ಲೇ ನನಗೆ ಸಮಾಧಾನ ಆಯಿತು. ಬೇಕಾದರೆ ಒಂದು ಭಾನುವಾರ ಬಂದು ನೋಡು.

ತೋಟದಮನೆ ಸೊಸೆ – ಆಗಸ್ಟ್ 24

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮೂಳೆ ಕೂಡಿದೆ. ರಾಡ್ ತೆಗೆದು, ಮರಿ ಆಗದ ಆಪರೇಷನ್ ಮಾಡಿ, ರೇಬೀಸ್ ಲಸಿಕೆಯನ್ನೂ ಹಾಕಿಸಿದೆವು. ನಡೆಯುವಾಗ ಗೊತ್ತೇ ಆಗಲ್ಲ, ಓಡಿದರೆ ಎಡಗಾಲು ಸ್ವಲ್ಪ ಹಾರಿಸುತ್ತಾಳೆ. ಮಂಡಿ ಪೂರ್ತಿ ಮಡಚುತ್ತದೆ.

ಭಾನುವಾರ ಬಿಟ್ಟು ಬಂದೆವು. ಅಕ್ಕ ಹೇಳಿದ ಮನೆಗೇ. ಅವರ ಜಗಲಿಯಲ್ಲಿ ಎರಡು ಸುತ್ತು ಹಾಕಿ, ಗೋಡೆ ಹುಡುಕಿ ಒರಗಿ ಮಲಗಿದಳು. ಬಚ್ಚಲ ಗೋಡೆ ಅಂದುಕೊಂಡಳೋ ಏನೋ. ನಾನು ಹಿಂದೆ ತಿರುಗಿ ನೋಡಲಿಲ್ಲ, ನಮ್ಮನೆಯವರು ನೋಡಿದರಂತೆ.

ಗದ್ದೆಬದು ಅವರೇ, ನೀವು ಕೇಳಿದ ಪ್ರಶ್ನೆಗೆ ಉತ್ತರ ಸಿಗಲು ಎರಡು ತಿಂಗಳು ಹಿಡಿಯಿತು.

ಮುಚ್ಚಳ ಸಮೇತ ದಬ್ಬೆ ಬೇಲಿ ಹಾಗೇ ಇದೆ. ಯಾರಿಗಾದರೂ ಬೇಕಿದ್ದರೆ ಬಿಚ್ಚಿ ಕೊಡುತ್ತೇವೆ, ಗಾಡಿ ನೀವೇ ತರಬೇಕು. ಮೊಟ್ಟೆ ಪಾತ್ರೆ ಕೊಡುವ ಹಾಗಿಲ್ಲ, ಅತ್ತೆ ತೊಳೆದು ಬಚ್ಚಲ ಅಟ್ಟದ ಮೇಲೆ ಇಟ್ಟಿದ್ದಾರೆ.

ಗದ್ದೆಬದು – ಆಗಸ್ಟ್ 25

ಬೇಲಿ ನನಗಿರಲಿ. ಕುಂಟು ಬಿದ್ದ ಕರುವೊಂದಿದೆ. ಶುಕ್ರವಾರ ತೀರ್ಥಹಳ್ಳಿಗೆ ಪಿಕಪ್ ಬರುತ್ತದೆ. ದಬ್ಬೆಯ ಸಂದು ಎಷ್ಟಿಟ್ಟಿದ್ದೀರಿ, ಕರುವಿನ ಗೊರಸು ಸಿಕ್ಕಿಕೊಳ್ಳುತ್ತದಾ?

ತೋಟದಮನೆ ಸೊಸೆ – ಆಗಸ್ಟ್ 25

ಎರಡು ಬೆರಳು ಹೋಗುವಷ್ಟು. ಕೆಳಗಿನ ಸಾಲಿಗೆ ಗೋಣಿ ಸುತ್ತಿ, ಸಿಕ್ಕಿಕೊಳ್ಳಲ್ಲ. ಶುಕ್ರವಾರ ಮಧ್ಯಾಹ್ನದ ಮೇಲೆ ಬನ್ನಿ, ಬೆಳಿಗ್ಗೆ ಎರಡನೇ ಸಲದ ಔಷಧಿ ಹೊಡೆಯುವವರು ಬರುತ್ತಾರೆ.